ಅಟ್ಟದ ಕಾಯಿ, ನನ್ನ ಕಿವಿ

ಮೊಮ್ಮಕ್ಕಳೇ, ಮೊದಲು ಒಂದು ತಪ್ಪೊಪ್ಪಿಗೆ. ಎರಡು ವರ್ಷ ನನಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎಡಗಿವಿ ಪೂರಾ ಹೋಗಿತ್ತು. ಬಲಗಿವಿ, ಎದುರಿಗೆ ಕೂತು ನಿಧಾನವಾಗಿ ಮಾತಾಡುವವರನ್ನು ಮಾತ್ರ ಒಳಗೆ ಬಿಡುತ್ತಿತ್ತು. ಈ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನಾನು ನೋಡಿಕೊಂಡೆ ಎಂದು ಬರೆಯುವುದು ಹೆಚ್ಚು ಸರಿ.

ಕಿವುಡನ್ನು ಮುಚ್ಚಿಡುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ತಲೆಯಾಡಿಸಲು ಬಂದರೆ ಸಾಕು. ಹೇಳುವವರ ಮುಖದಲ್ಲಿ ನಗು ಇದ್ದರೆ ನಾವೂ ಸ್ವಲ್ಪ ನಕ್ಕು ತಲೆಯಾಡಿಸಬೇಕು. ಹುಬ್ಬು ಗಂಟಿಕ್ಕಿದ್ದರೆ ನಿಧಾನವಾಗಿ, ನಾಲಿಗೆಯಲ್ಲಿ ಲೊಚ್ ಎಂದು ಸದ್ದು ಮಾಡಿ ಆಡಿಸಬೇಕು. ಮಾತು ಪ್ರಶ್ನೆಯಲ್ಲಿ ಮುಗಿದ ಹಾಗೆ ಕಂಡರೆ “ನೀವು ಹೆಂಗೆ ಹೇಳ್ತೀರೋ ಹಂಗೆ” ಎನ್ನಬೇಕು. ಸಂಸಾರದ ಮುಕ್ಕಾಲು ಮಾತು ಇಷ್ಟರಲ್ಲಿ ಸಾಗಿಹೋಗುತ್ತದೆ. ಎದುರು ಮಾತಾಡದ ಒಳ್ಳೆಯ ಹೆಂಗಸು ಎಂದು ಎಲ್ಲರೂ ನನ್ನನ್ನು ಹೊಗಳಿದ್ದು ಈ ಎರಡು ವರ್ಷಗಳಲ್ಲೇ.

ಈ ವಿದ್ಯೆ ನನಗೆ ಮುಪ್ಪಿನಲ್ಲಿ ಬಂದದ್ದಲ್ಲ. ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿ ಜಲಾಶಯದ ನೀರು ಕಾಣುವ ಒಂದು ಸಣ್ಣ ಹಳ್ಳಿ ನನ್ನ ತವರು. ಅಲ್ಲಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದೆ. ಕೂರುತ್ತಿದ್ದದ್ದು ಹಿಂದಿನ ಸಾಲಿನಲ್ಲಿ. ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಎತ್ತಿದರೆ ಎಲ್ಲರೂ ತಿರುಗಿ ನೋಡುತ್ತಾರಲ್ಲ. ಒಂದು ಸಲ ಟೀಚರಮ್ಮ ಸಮುದ್ರದ ಮೇಲೆ ಪ್ರಬಂಧ ಬರೆಯಿರಿ ಎಂದರು. ಸಮುದ್ರವನ್ನು ನಾನೆಲ್ಲಿ ಕಂಡಿದ್ದೆ? ಮಾರ್ಕೋನಹಳ್ಳಿಯ ನೀರನ್ನೇ ತೆಗೆದುಕೊಂಡು ಆಚೆಯ ದಡ ಅಳಿಸಿಬಿಟ್ಟೆ, ಸಮುದ್ರವಾಯಿತು. ಅದಕ್ಕೆ ಎಮ್ಮೆಗಳನ್ನು ಇಳಿಸಿದೆ. ದಂಡೆಯ ಕಲ್ಲಿನ ಮೇಲೆ ಹೆಂಗಸರು ಬಟ್ಟೆ ಒಗೆದು, ಹೋಗುವಾಗ ಬಿಂದಿಗೆಯಲ್ಲಿ ಕುಡಿಯುವ ನೀರು ತುಂಬಿಕೊಂಡು ಹೋದರು. ಟೀಚರಮ್ಮ ಓದಿ, “ಸಮುದ್ರ ನೋಡಿದೀಯೇನೇ ನೀನು?” ಎಂದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ತಲೆಯಾಡಿಸಿದೆ. ಅವರೂ ನೋಡಿರಲಿಲ್ಲವೆಂದು ಕಾಣುತ್ತದೆ, ನಂಬಿದರು. ಇಡೀ ತರಗತಿಗೆ ನನ್ನ ಪ್ರಬಂಧ ಓದಿ ಹೇಳಿದರು. ಆ ವರ್ಷ ನಮ್ಮ ಶಾಲೆಯಿಂದ ಹೊರಬಿದ್ದ ಮಕ್ಕಳಲ್ಲಿ ಎಷ್ಟು ಜನ ಸಮುದ್ರದ ನೀರು ಕುಡಿಯಬಹುದೆಂದು ತಿಳಿದುಕೊಂಡಿದ್ದರೋ ನಾನರಿಯೆ.

ಈಗ ತುಮಕೂರಿಗೆ ಬರುತ್ತೇನೆ. ನಮ್ಮ ಎದುರು ಮನೆಯ ಮೇಷ್ಟ್ರು ನಿಮಗೆ ಗೊತ್ತಲ್ಲ. ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಸಾಯಂಕಾಲ ವಾಕಿಂಗ್ ಮುಗಿಸಿ ನಮ್ಮ ಜಗಲಿಯ ಮೇಲೆ ಕೂರುತ್ತಾರೆ, ನಾನು ಕಾಫಿ ಕೊಡುತ್ತೇನೆ, ಅವರು ಮಾತಾಡುತ್ತಾರೆ. ಮಾತೆಲ್ಲ ದೊಡ್ಡ ವಿಷಯ. ಮನುಷ್ಯನಿಗೆ ಯಾವುದು ತಿಳಿಯುತ್ತದೆ, ಯಾವುದು ತಿಳಿಯುವುದಿಲ್ಲ, ತಿಳಿಯದ ಕಡೆ ಕಲ್ಪನೆ ಹೇಗೆ ನುಗ್ಗುತ್ತದೆ, ಮನುಷ್ಯ ಜಾತಿ ಮುಂದಕ್ಕೆ ಹೋಗುತ್ತಿದೆಯೋ ಸುತ್ತುತ್ತಿದೆಯೋ. ಬೀದಿಯಲ್ಲಿ ಇದನ್ನೆಲ್ಲ ಕೇಳುವವರು ಯಾರೂ ಇಲ್ಲ. ನನ್ನ ಅಳಿಯ, ನಿಮ್ಮ ಅಪ್ಪನಂತೂ ಊರಾಚೆಯ ಸತ್ಯಮಂಗಲದ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿಕೊಂಡು ಬಂದಾಗ ಜಗಲಿಯ ಮೇಲೆ ಮೇಷ್ಟ್ರು ಕಂಡರೆ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಾರೆ. ನಾನೊಬ್ಬಳೇ ಎದುರಿಗೆ ಕೂತು ತಲೆಯಾಡಿಸುತ್ತಿದ್ದೆ. “ನನ್ನ ಮೂವತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಗಮನ ಕೊಟ್ಟು ಕೇಳಿದವರು ನೀವೊಬ್ಬರೇ ಅಮ್ಮ” ಎಂದು ಒಂದು ದಿನ ಹೇಳಿದರು. ಅದು ಮಾತ್ರ ಪೂರ್ತಿ ಕೇಳಿಸಿತು.

ನಿಜ ಏನೆಂದರೆ ಅವರು ಹೇಳಿದ್ದರಲ್ಲಿ ಮೂರರಲ್ಲಿ ಒಂದು ಪಾಲು ನನ್ನ ಕಿವಿಗೆ ಬೀಳುತ್ತಿತ್ತು. ಉಳಿದ ಎರಡು ಪಾಲನ್ನು ನಾನೇ ತುಂಬಿಕೊಳ್ಳುತ್ತಿದ್ದೆ. ಅವರು ಆರಂಭದಲ್ಲಿ ‘ತಿಳಿವಳಿಕೆ’ ಎಂದು, ಬಹಳ ಹೊತ್ತಿನ ಮೇಲೆ ‘ಕತ್ತಲೆ’ ಎಂದರೆ, ನಡುವೆ ಏನಿರಬಹುದೆಂದು ನಾನು ಹಬ್ಬಿಸಿಕೊಂಡು ಹೋಗುತ್ತಿದ್ದೆ. ಪಾತ್ರೆ ತೊಳೆಯುವಾಗ ಅದನ್ನೇ ಯೋಚಿಸುತ್ತಿದ್ದೆ. ಅದೊಂದು ಸುಖದ ಕೆಲಸ. ನಿಮ್ಮ ತಾತ ಹೋದ ಮೇಲೆ ನನ್ನ ತಲೆಗೆ ಅಷ್ಟು ಕೆಲಸ ಸಿಕ್ಕಿದ್ದು ಅದೇ ಮೊದಲು.

ಜಗಲಿಯ ಮೇಲೆ ತಲೆಯಾಡಿಸಿದ್ದರಿಂದ ಯಾರಿಗೂ ನಷ್ಟವಾಗಲಿಲ್ಲ. ನಷ್ಟವಾದದ್ದು ಕಡಬದಲ್ಲಿ.

ಗುಬ್ಬಿ ತಾಲ್ಲೂಕಿನ ಕಡಬ ನಾನು ಸೇರಿದ ಮನೆ. ಈಗ ಆ ಮನೆ, ತೋಟ ನೋಡಿಕೊಳ್ಳುವವನು ನನ್ನ ಮೈದುನನ ಮಗ ರುದ್ರೇಶ. ಆ ಕಡೆ ಬಲಿತ ತೆಂಗಿನಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಉಳಿಯುತ್ತದೆ. ಅದೇ ಗಿಟುಕು, ನೀವು ತಿನ್ನುವ ಉಂಡೆ ಕೊಬ್ಬರಿ. ಇದರಲ್ಲಿ ಒಂದೇ ತೊಡಕು. ಒಳಗೆ ಒಣಗಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಒಡೆದು ನೋಡಿದರೆ ನೋಡಿದ ಕಾಯಿ ಕೈಬಿಟ್ಟಿತು. ಒಣಗದೆ ಒಡೆದ ತಿರುಳು ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ, ಆಮೇಲೆ ಕೌಟು ವಾಸನೆ ಬರುತ್ತದೆ. ಆದ್ದರಿಂದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಹೇಳಬೇಕು.

ಇದನ್ನು ನನಗೆ ಕಲಿಸಿದವರು ನಮ್ಮತ್ತೆ. ಅವರಿಗೆ ಒಂದಕ್ಷರ ಬರುತ್ತಿರಲಿಲ್ಲ. ಮೊದಲ ತಿಂಗಳುಗಳಲ್ಲಿ ಅಲ್ಲಾಡಿಸಿದರೆ ನೀರು ಗುಳುಗುಳು ಎನ್ನುತ್ತದೆ. ಬರಬರುತ್ತಾ ಆ ಸದ್ದು ನಿಲ್ಲುತ್ತದೆ. ಆಮೇಲೆ ಕೆಲವು ತಿಂಗಳು ಏನೂ ಸದ್ದಿಲ್ಲ. ಕೊನೆಗೆ ಒಂದು ದಿನ ಉಂಡೆ ಬಿಟ್ಟುಕೊಂಡು ಕಟಕಟ ಎನ್ನುತ್ತದೆ. ಹೊಸದಾಗಿ ಬಂದ ಸೊಸೆ ನಾನು, ಆ ಸದ್ದಿಲ್ಲದ ಕಾಲದಲ್ಲಿ ಒಂದು ಕಾಯಿ ಹಿಡಿದು, ಇದು ಕೆಟ್ಟಿದೆ ಅನ್ನಿಸುತ್ತದೆ ಎಂದೆ. ಅತ್ತೆ ಕಾಯಿ ಕಿತ್ತುಕೊಂಡು ವಾಪಸು ಇಟ್ಟರು. “ಅದು ಕೆಲಸ ಮಾಡ್ತಾ ಅದೆ, ಇಡು. ನೀನೊಬ್ಳು ಅಲ್ಲಾಡಿಸ್ಕೊಂಡು ಕುಂತ್ಕೊಂಡ್ರೆ ಅದ್ಕೆ ಬ್ಯಾಸ್ರ ಆಗಲ್ವಾ?” ಎಂದರು. ಅವರು ಹೋದ ಮೇಲೆ ಆ ಮನೆಯಲ್ಲಿ ಅಟ್ಟದಿಂದ ಇಳಿಸುವ ಮುಂಚೆ ಕಾಯಿ ನೋಡುವ ಕೆಲಸ ನನ್ನದಾಯಿತು. ತುಮಕೂರಿಗೆ ಬಂದ ಮೇಲೂ ವರ್ಷಕ್ಕೊಮ್ಮೆ ರುದ್ರೇಶ ಕರೆಸಿಕೊಳ್ಳುತ್ತಿದ್ದ. ಯಾವುದಾದರೂ ಒಂದು ವಿಷಯದಲ್ಲಿ ನನ್ನ ಮಾತನ್ನು ನಾಲ್ಕು ಜನ ಕಾದು ಕೇಳುತ್ತಿದ್ದರೆ ಅದು ಇದೊಂದರಲ್ಲಿ.

ಈಗ ನಿಮಗೆ ಅರ್ಥವಾಗಿರಬೇಕು, ಕಿವಿ ಹೋದದ್ದನ್ನು ನಾನೇಕೆ ಹೇಳಲಿಲ್ಲವೆಂದು.

ಹೋದ ವರ್ಷ ಹೋಗಿದ್ದೆ. ಅಟ್ಟ ಹತ್ತಿ, ಕಾಯಿ ಬಲಗಿವಿಗೆ ಹಿಡಿದು ಅಲ್ಲಾಡಿಸಿದೆ. ಕಟಕಟ ಎಂದು ಕೇಳಿಸಿತು. ಹತ್ತು ಕಾಯಿ ನೋಡಿದೆ, ಹತ್ತೂ ಹಾಗೇ ಕೇಳಿಸಿದವು. “ಆಗಿದೆ, ಇಳಿಸಪ್ಪ” ಎಂದೆ. ಇಳಿಸಿ, ಸುಲಿದು, ಒಡೆದರೆ ಅರ್ಧಕ್ಕರ್ಧ ಹಸಿ. ಸುದ್ದಿ ಫೋನಿನಲ್ಲಿ ಬಂತು. “ಏನೋ ಈ ವರ್ಷ ಹವಾ ಸರಿಯಿಲ್ಲ ಕಣಮ್ಮ” ಎಂದು ನಿಮ್ಮಮ್ಮ ಹೇಳಿದಳು. ತಲೆಯಾಡಿಸಿದೆ. ಆ ಸದ್ದು ನನಗೆ ಕೇಳಿಸಿದ್ದು ಸುಳ್ಳಲ್ಲ. ನಲವತ್ತು ವರ್ಷ ಕೇಳಿದ ಸದ್ದು, ಕೈ ಅಲುಗಿದ ಕೂಡಲೇ ತಲೆಯೊಳಗೆ ತಾನೇ ಹುಟ್ಟಿಕೊಂಡಿತ್ತು. ಮೇಷ್ಟ್ರ ಮಾತಿನ ಎರಡು ಪಾಲು ತುಂಬಿಕೊಂಡ ಹಾಗೆ ಕೊಬ್ಬರಿಯ ಸದ್ದನ್ನೂ ತುಂಬಿಕೊಂಡಿದ್ದೆ. ಕಲ್ಪನೆ ತಾನು ಕಲ್ಪನೆ ಎಂದು ಹೇಳಿಕೊಂಡು ಬರುವುದಿಲ್ಲ. ತಿಳಿವಳಿಕೆಯ ಸೀರೆಯನ್ನೇ ಉಟ್ಟುಕೊಂಡು ಬರುತ್ತದೆ.

ಈ ವರ್ಷ ಮತ್ತೆ ಕರೆ ಬಂತು. ಒಬ್ಬಳೇ ಹೋಗಲು ಧೈರ್ಯ ಸಾಲದೆ, ನಿಮ್ಮಲ್ಲಿ ದೊಡ್ಡವಳು, ಶಾಲೆಗೆ ರಜೆ ಇದ್ದ ಚೈತ್ರಾಳನ್ನು ಕರೆದುಕೊಂಡು ಹೊರಟೆ. ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ಕಡಬದಲ್ಲಿ ಇಳಿದು, ಕೆರೆ ಏರಿ ದಾಟಿ ಮನೆ ಸೇರಿದೆವು. ಅಂಗಳಕ್ಕೆ ಕಾಲಿಟ್ಟಾಗ ಮೊದಲು ಕಂಡದ್ದು ರುದ್ರೇಶನ ಹೆಂಡತಿ ಗಿರಿಜಾ. ಹಿತ್ತಿಲ ಬೇಲಿಯ ಪಕ್ಕ ನಾಲ್ಕು ಕೋಲಿನ ಮೇಲೆ ತಗಡು ಹೊದಿಸಿ, ಅದರಡಿ ನೀರೊಲೆ ಹೂಡಿಕೊಂಡು ಊದುತ್ತಿದ್ದಳು. ಕಣ್ಣು ಕೆಂಪಾಗಿತ್ತು. ಆ ಒಲೆ ಮೊದಲಿದ್ದದ್ದು ಮನೆಯೊಳಗೆ, ಅಟ್ಟದ ಕೆಳಗಿನ ಮೂಲೆಯಲ್ಲಿ.

“ಅತ್ತೆ, ಯಾಕೆ ಇಲ್ಲಿ ನೀರು ಕಾಯಿಸ್ತೀರ?” ಎಂದು ಚೈತ್ರಾ ಕೇಳಿದಳು.

ಗಿರಿಜಾಳ ಗಂಟಲು ದೊಡ್ಡದು, ನನಗೂ ಕೇಳಿಸಿತು. “ನಿಮ್ ಮಾವನ್ನ ಕೇಳವ್ವ. ಹೋದ್ ವರ್ಸ ಕಾಯಿ ಹಸಿ ಬಂದ್ವಲ್ಲ, ನಾನು ನೀರು ಕಾಯಿಸಿದ್ ಹಬೆ ಅಟ್ಟಕ್ಕೆ ಹೋಗಿ ಹಂಗಾಯ್ತಂತೆ. ದೊಡ್ಡತ್ತೆ ನೋಡಿ ಹೇಳಿದ್ಮೇಲೆ ಕಾಯಿ ತಪ್ಪಿರಾಕಿಲ್ಲ, ತಪ್ಪೆಲ್ಲ ನಂದೇಯ. ಮಳೆ ಬರ್ಲಿ ಚಳಿ ಬರ್ಲಿ, ಒಂದ್ ವರ್ಸದಿಂದ ಹಂಡೆ ಹೊತ್ಕೊಂಡು ಒಳಕ್ಕೂ ಹೊರಕ್ಕೂ ತಿರುಗ್ತಾ ಇದೀನಿ. ಪಕ್ಕದ್ ಮನೇವ್ರೂ ನಮ್ಮನ್ನ ನೋಡಿ ಅವ್ರ ಒಲೆ ಆಚೆಗೆ ಹಾಕವ್ರೆ.”

ದೊಡ್ಡತ್ತೆ ಎಂದರೆ ನಾನು. ನನಗೆ ಒಂದು ಲೋಟ ನೀರು ಕೊಟ್ಟಳು.

ಇನ್ನೊಂದು ಸಂಗತಿ ಯಾರಿಗೂ ನೆನಪಿರಲಿಲ್ಲ, ನನಗೆ ಇತ್ತು. ಆ ಒಲೆಯನ್ನು ಅಟ್ಟದ ಕೆಳಗೆ ಹಾಕಿಸಿದವರೇ ನಮ್ಮತ್ತೆ. ಅದರ ಬಿಸಿ, ಹೊಗೆ ಮೇಲೇರಿದರೆ ಕಾಯಿ ಚೆನ್ನಾಗಿ ಒಣಗುತ್ತದೆ ಎಂದು. ನಾನು ಒಂದು ಸಲ ತಲೆಯಾಡಿಸಿದ್ದಕ್ಕೆ, ಎರಡು ತಲೆಮಾರು ಕೂಡಿಟ್ಟ ತಿಳಿವಳಿಕೆ ಎದ್ದು ಹಿತ್ತಿಲಿಗೆ ಹೋಗಿ ತಗಡಿನ ಕೆಳಗೆ ಕೂತಿತ್ತು. ಅದರ ಜಾಗದಲ್ಲಿ ಹೊಸ ತಿಳಿವಳಿಕೆ ಬಂದು, ಪಕ್ಕದ ಮನೆಗೂ ಹಬ್ಬಿತ್ತು. ಲೋಕದಲ್ಲಿ ನಾವು ಕಣ್ಣುಮುಚ್ಚಿ ಪಾಲಿಸುವ ಎಷ್ಟು ಕಟ್ಟಳೆಗಳ ಹಿಂದೆ ನನ್ನಂಥ ಒಬ್ಬ ನಾಚಿಕೆಯ ಮುದುಕಿ ಇರಬಹುದು ಎಂದು ಆಮೇಲೆ ಬಹಳ ದಿನ ಯೋಚಿಸಿದ್ದೇನೆ.

ಅಟ್ಟ ಹತ್ತಿದೆವು. ರುದ್ರೇಶ ಕೆಳಗೆ ಏಣಿ ಹಿಡಿದು ನಿಂತಿದ್ದ. ನಾನು ಒಂದು ಕಾಯಿ ತೆಗೆದುಕೊಂಡು, ಅಭ್ಯಾಸದಂತೆ ಬಲಗಿವಿಗೆ ಹಿಡಿದು ಅಲ್ಲಾಡಿಸಿದೆ. ಕಟಕಟ ಎಂದಿತು. ಇಷ್ಟೆಲ್ಲ ಆದ ಮೇಲೂ ಎಂದಿತು. ಅಭ್ಯಾಸದಂತೆ ತಲೆಯೂ ಆಡಿತು.

ಚೈತ್ರಾ ನನ್ನ ತೋಳು ಹಿಡಿದಳು. ಬಲಗಿವಿಯ ಹತ್ತಿರ ಬಂದು, “ಅಜ್ಜಿ, ಅದು ಸದ್ದೇ ಮಾಡ್ಲಿಲ್ಲ” ಎಂದಳು.

ಕಾಯಿ ಕೆಳಗಿಟ್ಟು ಇನ್ನೊಂದಕ್ಕೆ ಕೈ ಹಾಕಿದೆ.

“ನಿಂಗೆ ಕೇಳಿಸಲ್ಲ ಅಲ್ವಾ? ನಂಗೆ ಡೌಟ್ ಇತ್ತು. ಕುಕ್ಕರ್ ಐದು ಸಲ ಕೂಗಿದ್ರೂ ನೀನು ಎದ್ದೇಳಲ್ಲ.”

“ಕೇಳಿಸಲ್ಲ ಕಣೇ.”

“ಹೋದ ವರ್ಷ?”

“ಹೋದ ವರ್ಷಾನೂ.”

ಹದಿಮೂರು ವರ್ಷದ ಹುಡುಗಿ ಅಜ್ಜಿಯನ್ನು ಹೇಗೆ ನೋಡಬಹುದೋ ಹಾಗೆ ನೋಡಿದಳು. ಆಮೇಲೆ ಕೆಳಗೆ ಕಾಣುತ್ತಿದ್ದ ಖಾಲಿ ಮೂಲೆಯ ಕಡೆ ನೋಡಿದಳು. ಒಲೆ ಇದ್ದ ಗೋಡೆಯ ಮಸಿ ಇನ್ನೂ ಹಾಗೇ ಇತ್ತು. “ಮಾವಂಗೆ ಹೇಳ್ಬೇಕು ನೀನು” ಎಂದಳು. ಅಷ್ಟೇ. ತಾನೇ ಹೇಳುತ್ತೇನೆ ಎಂದು ಅವಳು ಅನ್ನಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ.

“ಮೊದ್ಲು ಕಾಯಿ ನೋಡೋಣ. ನೀನು ಕಿವಿ ಆಗು” ಎಂದೆ.

ಒಂದೊಂದೇ ಕಾಯಿ ಕೊಡುತ್ತಾ ಹೋದೆ. ಅವಳು ಅಲ್ಲಾಡಿಸಿ ಹೇಳುತ್ತಾ ಹೋದಳು. ನಡುವೆ ತನ್ನ ಮೊಬೈಲನ್ನೂ ಕೆಲಸಕ್ಕೆ ಹಚ್ಚಿದಳು. ಸದ್ದಾದರೆ ಅದರಲ್ಲಿ ಒಂದು ಗೆರೆ ಪುಟಿಯುತ್ತದೆ. ಸದ್ದನ್ನು ಕಣ್ಣಿನಲ್ಲಿ ನೋಡಿದ್ದು ನನಗೆ ಅದೇ ಮೊದಲು. ಹೆಚ್ಚಿನವು ಸುಮ್ಮನಿದ್ದವು. ಕೆಲವಕ್ಕೆ ಗೆರೆ ಪುಟಿಯಿತು. “ಇದು ಪಕ್ಕಾ ಆಗಿದೆ ಅಜ್ಜಿ, ನೋಡು ಎಷ್ಟು ಜಂಪ್ ಆಯ್ತು” ಎಂದು ಒಂದು ಕಾಯಿ ನನ್ನ ಕೈಗಿಟ್ಟಳು. ಕಿವಿಗೆ ಹಿಡಿಯಲು ಕೈ ಮೇಲೆ ಹೋಯಿತು, ಅರ್ಧದಲ್ಲಿ ತಡೆದೆ. ಕೇಳಿಸದ ಕಿವಿಗೆ ಯಾಕೆ ಹಿಡಿಯುವುದು? ಎರಡೂ ಅಂಗೈಯ ನಡುವೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಮೆಲ್ಲಗೆ ಅಲುಗಿಸಿದೆ. ಒಳಗೆ ಉಂಡೆ ಬಂದು ತಾಕಿತು. ಆದರೆ ಒದ್ದೆ ಬಟ್ಟೆ ಸುತ್ತಿದ ಕಲ್ಲು ತಾಕಿದ ಹಾಗೆ, ಮಂದವಾಗಿ. ತೂಕವೂ ಇರಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚು.

ನಲವತ್ತು ವರ್ಷ ನನ್ನ ಕೈ ಇದನ್ನೆಲ್ಲ ಕಲಿತುಕೊಂಡೇ ಇತ್ತು. ಕಿವಿಯ ಮೇಲಿನ ನಂಬಿಕೆಯಲ್ಲಿ ನಾನು ಅದನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳಿಸುವುದಿಲ್ಲ ಎಂದು ಬಾಯಿಬಿಟ್ಟು ಒಪ್ಪಿಕೊಂಡು ಕಾಲು ಗಂಟೆಯಾಗಿರಲಿಲ್ಲ, ಕೈ ಮಾತಾಡಿತು.

“ಆಗಿಲ್ಲ” ಎಂದೆ.

“ಮೊಬೈಲೇ ಹೇಳ್ತಿದೆ ಅಜ್ಜಿ.”

“ಹೇಳ್ಲಿ ಬಿಡು. ಇದನ್ನ ಒಡೆದು ನೋಡೋಣ.”

ಕೆಳಗೆ ಇಳಿದೆ. ಕಾಯಿ ರುದ್ರೇಶನ ಕೈಗೆ ಕೊಡುವ ಮುಂಚೆ ಹೇಳಬೇಕಾದದ್ದನ್ನು ಹೇಳಿದೆ. ಒಡೆದ ಮೇಲೆ, ನಾನು ಹೇಳಿದ್ದು ಸರಿಯಾಗಿದ್ದರೆ ಆಗ ಹೇಳುವುದು ಸುಲಭ. ಅದು ಬೇಡ ಅನ್ನಿಸಿತು. ಅವನೆದುರು ನಿಂತು, ಮೂರು ಸಲ ತಡವರಿಸಿ, “ನಂಗೆ ಕಿವಿ ಕೇಳಿಸಲ್ಲ ಕಣಪ್ಪ. ಹೋದ ವರ್ಷಾನೂ ಕೇಳಿಸ್ತಿರ್ಲಿಲ್ಲ. ಗಿರಿಜಾ ಒಲೆಯಿಂದ ಏನೂ ಆಗ್ಲಿಲ್ಲ, ನನ್ನಿಂದ ಆಗಿದ್ದು” ಎಂದೆ.

ಅವನು ಒಳ್ಳೆಯವನು, ಆದರೆ ದೇವರಲ್ಲ. ಮುಖ ಕೆಂಪಾಯಿತು. ಏನೋ ಅಂದ, ಕೇಳಿಸಲಿಲ್ಲ. ಈ ಸಲ ತಲೆಯಾಡಿಸಲಿಲ್ಲ. “ಜೋರಾಗಿ ಹೇಳು, ಕೇಳಿಸ್ಲಿಲ್ಲ” ಎಂದೆ. ಜೀವನದಲ್ಲಿ ಮೊದಲ ಸಲ ಆ ಮಾತು ಆಡಿದ್ದು.

ಅವನು ಹತ್ತಿರ ಬಂದು ಹೇಳಿದ. “ಹೋದ್ ವರ್ಸ ಒಂದ್ ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ ದೊಡ್ಡಮ್ಮ? ಇನ್ನೊಂದೆರಡು ತಿಂಗ್ಳು ಬುಟ್ಟಿರೋನು ನಾನು. ಇವ್ಳ ಮ್ಯಾಲೆ ಬಾಯಿಗ್ ಬಂದಂಗೆ ಕೂಗಾಡ್ದೆ.”

“ಹೇಳ್ಬೇಕಾಗಿತ್ತು” ಎಂದೆ.

ಗಿರಿಜಾ ಬಾಗಿಲಲ್ಲಿ ನಿಂತಿದ್ದಳು. ಅವಳು ನನ್ನ ಕಡೆ ನೋಡಲೇ ಇಲ್ಲ. “ಕೂಗಾಡಿದ್ ನೆನಪಿದೆಯಲ್ಲ, ಅಷ್ಟು ಸಾಕು ಬುಡಿ” ಎಂದು ಗಂಡನಿಗೆ ಹೇಳಿ ಹಿತ್ತಿಲಿಗೆ ಹೋದಳು.

ಕಾಯಿ ಸುಲಿದು ಒಡೆದರು. ಉಂಡೆ ಚಿಪ್ಪಿನಿಂದ ಬಿಟ್ಟುಕೊಂಡಿತ್ತು, ಚೈತ್ರಾಳ ಕಿವಿ ಸರಿ. ಆದರೆ ಹೊಟ್ಟೆಯೊಳಗೆ ಇನ್ನೂ ಪಸೆ ಇತ್ತು, ನನ್ನ ಕೈ ಸರಿ. ವರ್ಷವೆಲ್ಲ ಅಟ್ಟದ ಕೆಳಗೆ ಬಿಸಿ ಇಲ್ಲದೆ ಕಾಯಿ ನಿಧಾನವಾಗಿ ಒಣಗಿದ್ದವೇನೋ ಅನ್ನಿಸಿ, ಅತ್ತೆ ಒಲೆ ಹಾಕಿಸಿದ ಕಥೆ ಹೇಳಿದೆ. ರುದ್ರೇಶ ಮಸಿ ಹಿಡಿದ ಗೋಡೆಯ ಕಡೆ ನೋಡಿದ. ಆಮೇಲೆ ಹಿತ್ತಿಲಿಗೆ ಹೋಗಿ ತಗಡು ಕಿತ್ತು ಹಾಕಿದ. ನಾವು ಬಸ್ಸಿಗೆ ಹೊರಡುವಷ್ಟರಲ್ಲಿ ಒಲೆಯ ಕಲ್ಲು ಒಳಗೆ ಬಂದಿದ್ದವು. ಗಿರಿಜಾ ಒಲೆಗೆ ಮಣ್ಣು ಮೆತ್ತುತ್ತಿದ್ದಳು. ಕೈ ಮಣ್ಣಾಗಿತ್ತೆಂದು ಮೊಣಕೈಯಲ್ಲಿ ನನ್ನ ಭುಜ ತಿವಿದು, “ಮುಂದಿನ್ ಸಲ ಕಿವಿ ಹಾಕಿಸ್ಕೊಂಡ್ ಬನ್ನಿ ದೊಡ್ಡತ್ತೆ” ಎಂದಳು.

ಹಾಕಿಸಿಕೊಂಡೆ. ನಿಮ್ಮಮ್ಮ ಒಂದು ವಾರ ನನ್ನ ಮೇಲೆ ಕೋಪ ಮಾಡಿಕೊಂಡು, ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರೆಕಾಳಿಗಿಂತ ಸ್ವಲ್ಪ ದೊಡ್ಡ ಯಂತ್ರ. ಹಾಕಿಕೊಂಡ ದಿನ ಮನೆಯಲ್ಲಿ ಎಷ್ಟು ಗಲಾಟೆ ಇದೆ ಎಂದು ಗಾಬರಿಯಾಯಿತು. ಫ್ಯಾನು ಸದ್ದು ಮಾಡುತ್ತದೆ, ನಿಮ್ಮಲ್ಲಿ ಚಿಕ್ಕವನು ತೇಜಸ್ ಅನ್ನ ಅಗಿಯುವಾಗ ಸದ್ದು ಮಾಡುತ್ತಾನೆ, ನನ್ನ ಸೀರೆಯೂ ಸದ್ದು ಮಾಡುತ್ತದೆ. ಮೇಷ್ಟ್ರು ಹೇಳುವ ಮನುಷ್ಯನ ಪ್ರಗತಿ ಇದೇ ಇರಬೇಕು. ಈ ಯಂತ್ರ ಮಾಡಿದವನು ಕಿವಿ ಹೇಗಿದೆ ಎಂದು ತಿಳಿದುಕೊಂಡಿರಬೇಕು, ಅದು ತಿಳಿವಳಿಕೆ. ಕೇಳಿಸದವರಿಗೆ ಹೇಗಿರುತ್ತದೆ ಎಂದು ಊಹಿಸಿರಬೇಕು, ಅದು ಕಲ್ಪನೆ. ಆದರೆ ಅವೆರಡೂ ಇದ್ದು ನಾನು ಎರಡು ವರ್ಷ ಕಿವುಡಿಯಾಗಿಯೇ ಇದ್ದೆನಲ್ಲ. ಕೇಳಿಸುತ್ತಿಲ್ಲ ಎಂದು ಹೇಳುವವರೊಬ್ಬರು ಬೇಕು. ಆ ಮೂರನೆಯದಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ.

ಅದನ್ನು ಮೇಷ್ಟ್ರನ್ನೇ ಕೇಳೋಣ ಎಂದು ಆ ಸಾಯಂಕಾಲ ಕಾಯುತ್ತಾ ಕೂತೆ. ಬಂದರು, ಕಾಫಿ ಕುಡಿದರು, ಮಾತು ಶುರು ಮಾಡಿದರು. ಪೂರ್ತಿ ಕೇಳಿಸಿತು. ಒಂದು ವಾಕ್ಯ ಹೇಳಿ ಅದನ್ನೇ ಇನ್ನೆರಡು ರೀತಿಯಲ್ಲಿ ಹೇಳುತ್ತಾರೆ, ನಡುವೆ ಮೊಣಕಾಲು ನೋವಿನ ವಿಷಯ ಬರುತ್ತದೆ, ನೀರು ಬಿಡುವವನು ಬರಲಿಲ್ಲ ಎಂಬ ದೂರು ಬರುತ್ತದೆ, ಮತ್ತೆ ಮನುಷ್ಯ ಜಾತಿ. ನಾನು ಹೆಣೆದುಕೊಂಡಿದ್ದ ಎರಡು ಪಾಲು ಇದಾಗಿರಲಿಲ್ಲ.

“ಏನಮ್ಮ, ಇವತ್ತು ನೀವು ತಲೆಯಾಡಿಸಲೇ ಇಲ್ಲ” ಎಂದರು.

ಹೇಳಿಬಿಟ್ಟೆ. ಕಡಬದಲ್ಲಿ ಒಂದು ಸಲ ಹೇಳಿದ್ದರಿಂದ ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ. ಮೇಷ್ಟ್ರು ಲೋಟ ಕೆಳಗಿಟ್ಟರು. “ಹಾಗಾದರೆ ಎರಡು ವರ್ಷ ನಾನು ಹೇಳಿದ್ದು?”

“ಒಂದು ಪಾಲು ನೀವು ಹೇಳಿದ್ದು ಮೇಷ್ಟ್ರೇ. ಎರಡು ಪಾಲು ನಾನೇ ಹಾಕ್ಕೊಂಡಿದ್ದು.”

ಬೇಜಾರಾಯಿತೇನೋ ಎಂದುಕೊಂಡೆ. ಅವರು ಕಾಲು ಮಡಿಸಿ ಕೂತುಕೊಂಡು, “ಆ ಎರಡು ಪಾಲು ಹೇಳಿ, ಕೇಳೋಣ” ಎಂದರು.

ನನಗೆ ಹಿಂದಿನ ಸಾಲಿಗೆ ಹೋಗಿ ಕೂರಬೇಕು ಅನ್ನಿಸಿತು. ಜಗಲಿಯಲ್ಲಿ ಹಿಂದಿನ ಸಾಲು ಇಲ್ಲ. ಮೆಲ್ಲಗೆ ಶುರು ಮಾಡಿದೆ. ಎಮ್ಮೆ ಇಳಿಸಿದ ಸಮುದ್ರದಿಂದ ಹಿಡಿದು ಕಡಬದ ಅಟ್ಟದವರೆಗೆ, ಈಗ ನಿಮಗೆ ಬರೆದದ್ದನ್ನೆಲ್ಲ ಹೇಳಿದೆ. ಹೇಳುತ್ತಾ ನೋಡಿದರೆ ಮೇಷ್ಟ್ರು ತಲೆಯಾಡಿಸುತ್ತಿದ್ದರು. ನಿಧಾನವಾಗಿ, ಒಂದೇ ಸಮ. ತಲೆಯಾಡಿಸುವುದರಲ್ಲಿ ನಾನು ಪಳಗಿದವಳು. ಅನುಮಾನ ಬಂದು ಮಾತು ನಿಲ್ಲಿಸಿದೆ.

“ಮೇಷ್ಟ್ರೇ, ನಾನು ಇಷ್ಟು ಹೊತ್ತು ಹೇಳಿದ್ದೇನು?”

ಅವರು ಖಾಲಿ ಲೋಟದ ಕಡೆ ನೋಡಿದರು.

“ಒಲೆ ಒಳಗೆ ಬಂತು ಅಂದಿರಿ” ಎಂದರು.

ಇನ್ನೊಂದು ಲೋಟ ಕಾಫಿ ತರಲು ಎದ್ದೆ.